ತೂಕದ ಮುಳ್ಳನ್ನು ಮೆಲ್ಲಗೆ ಇಳಿಸಿ

ಬಸ್ ನಿಲ್ದಾಣದ ಸಾಹೇಬರಿಗೆ ನಮಸ್ಕಾರ.

ತೂಕದ ಯಂತ್ರ ಎಲ್ಲರಿಗೂ ಮೂರು ಕಿಲೋ ಹೆಚ್ಚು ತೋರಿಸುತ್ತದೆ, ನಾಳೆ ರಿಪೇರಿ ಎಂದು ನೀವು ಅಂಟಿಸಿದ್ದ ಚೀಟಿ ಕಿತ್ತವಳು ನಾನೇ.

ಕಾಯಿಲೆಯಿಂದ ಎದ್ದ ನಮ್ಮ ಯಜಮಾನರಿಗೆ ಊಟವೇ ಸೇರುತ್ತಿರಲಿಲ್ಲ. ಈಗ ವಾರವಾರ ಅದರ ಮೇಲೆ ನಿಂತು ಬಂದು, “ತಿಂದದ್ದು ಮೈಗೆ ಹತ್ತುತ್ತಾ ಇದೆ ಕಣೇ, ಇನ್ನೊಂದು ಸೌಟು ಹಾಕು” ಅನ್ನುತ್ತಾರೆ. ಒಂದೇ ಸಲ ಮೂರು ಕಿಲೋ ಇಳಿದುಬಿಟ್ಟರೆ ಆ ಮೊಂಡ ಮನುಷ್ಯ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಾರೆ.

ಆದ್ದರಿಂದ ಮುಳ್ಳನ್ನು ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿ. ಅಷ್ಟಷ್ಟೇ ನಾನು ಇವರನ್ನು ಏರಿಸುತ್ತೇನೆ. ರಿಪೇರಿಯವರಿಗೆ ಊಟ ನಮ್ಮ ಮನೆಯಲ್ಲೇ, ಇವರ ಪಕ್ಕದಲ್ಲೇ ತಟ್ಟೆ. ಉಣ್ಣುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆಯಬಾರದು, ಅಷ್ಟೇ.

ಇಂತಿ,
ಹಿಂದಿನ ಬೀದಿಯ ಅಜ್ಜಿ