ಕುರಿಗೆ ಪಾಸ್ ಬೇಡ

ಮೇ 18, ಸೋಮವಾರ

ಬೆಳಿಗ್ಗೆ ಅದೇ ಜೀಪು. ಬಸವಕಲ್ಯಾಣ ದಾಟಿ ಹುಲಸೂರು, ಹುಲಸೂರು ದಾಟಿ ಗಡಿ. ಹುಮನಾಬಾದಿನಲ್ಲಿ ಮನೆ, ಹುಡಗಿ ಗ್ರಾಮದಲ್ಲಿ ಶಾಲೆ ಇರುವ ಟೀಚರನ್ನು ತಂದು ಮಹಾರಾಷ್ಟ್ರದ ಬಾಗಿಲಲ್ಲಿ ಕೂರಿಸಿದ ಪುಣ್ಯಾತ್ಮ ಯಾರೋ, ಸಿಕ್ಕರೆ ಕೇಳಬೇಕು. ಐದನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಡುವವಳು ಈಗ ಬಂದವರ ಹಣೆಗೆ ಪಿಸ್ತೂಲು ಹಿಡಿಯುತ್ತೇನೆ. ಜ್ವರ ನೋಡುವ ಪಿಸ್ತೂಲು. ಬಿಸಿಲಿಗೆ ಅದಕ್ಕೇ ಜ್ವರ. ಮಧ್ಯಾಹ್ನ ಸುಮ್ಮನೆ ಮೇಜಿಗೆ ಹಿಡಿದೆ — ನೂರಾ ಎರಡು ತೋರಿಸಿತು.

ಜೊತೆಗೆ ಇಬ್ಬರು. ಕಾನ್‌ಸ್ಟೇಬಲ್ ಬಂಡೆಪ್ಪ — ಮಾತು ಕಡಿಮೆ, ಎಲೆಅಡಿಕೆ ಜಾಸ್ತಿ, ಮಾಸ್ಕು ಸದಾ ಗದ್ದದಲ್ಲಿ. ಹೋಮ್‌ಗಾರ್ಡ್ ಅಜರ್ — ಬಸವಕಲ್ಯಾಣದವನು, ಎರಡು ಮಕ್ಕಳ ತಂದೆ. ರೋಜಾ ಹಿಡಿದಿದ್ದಾನೆ. ಈ ಉರಿಯಲ್ಲಿ ತೊಟ್ಟು ನೀರಿಲ್ಲದೆ ಬ್ಯಾರಿಕೇಡು ಎತ್ತುತ್ತಾನೆ, ಇಳಿಸುತ್ತಾನೆ.

ಮನೆಗೆ ಬಂದರೆ ಟಿವಿ. ಮಾಣಿಕನಗರದ ಫೋಟೋ ಫ್ರೇಮಿನ ಅಂಗಡಿ ಮುಚ್ಚಿದಾಗಿನಿಂದ ಇವರಿಗೆ ಅದೇ ಉದ್ಯೋಗ. ಪರದೆಯ ಮೇಲೆ ಎಂಟು ಚೌಕ, ಎಂಟು ಬಾಯಿ, ಎಲ್ಲವೂ ಒಟ್ಟಿಗೆ ತೆರೆದಿವೆ. ವಿಷಯ: ಗಡಿ ಪೂರ್ತಿ ಬಂದ್ ಮಾಡಬೇಕೇ? "ಮಾಡ್ಬೇಕ್ರಿ, ಮೊದ್ಲ ಮಾಡ್ಬೇಕಿತ್ತು," ಎಂದರು ಇವರು, ಟಿವಿಗೆ. ಆ ಗಡಿಯಿಂದಲೇ ಎದ್ದು ಬಂದ ಹೆಂಡತಿ ಬಾಗಿಲಲ್ಲಿ ನಿಂತಿದ್ದಾಳೆ, ಅವಳನ್ನು ಒಂದು ಮಾತು ಕೇಳಬಾರದೇ?

ಕೇಳಿದರು. "ಕೈ ತೊಳ್ಕೊಂಡಿ?"

ಮೇ 20

ಸಂಜೆ ಆಚೆ ಕಡೆಯಿಂದ ಧೂಳು ಎದ್ದಿತು. ಕುರಿಗಳು. ಎಂಬತ್ತರ ಹತ್ತಿರ ಇರಬೇಕು. ಮುಂದೆ ಕೋಲು ಹಿಡಿದು ಸಖುಬಾಯಿ. ನೋಡಿದ ಕೂಡಲೇ ಗುರುತು ಹತ್ತಿತು — ಹುಡಗಿಯಲ್ಲಿ ನಮ್ಮ ಶಾಲೆಯ ಹಿಂದಿನ ಮನೆಯವಳು. ಗಂಡ ಪಂಡರಿ ತೀರಿಕೊಂಡ ಮೇಲೆ ಕುರಿಯೆಲ್ಲ ಈಕೆಯದೇ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಕುರಿಯವರೆಲ್ಲ ಕೂಡಿ ಆ ಕಡೆ ಹೋಗುತ್ತಾರೆ. ಅಲ್ಲಿನ ರೈತರು ಗೊಬ್ಬರವಾಗಲಿ ಎಂದು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಮಳೆಗೆ ಮುಂಚೆ ವಾಪಸು. ಈ ಸಲ ಜೊತೆಯವರು ಲಾಕ್‌ಡೌನಿಗೆ ಮೊದಲೇ ದಾಟಿಬಿಟ್ಟರಂತೆ. ಈಕೆಯ ಕುರಿಗಳು ಮರಿ ಹಾಕುವ ಹೊತ್ತು, ಅದಕ್ಕೇ ಉಳಿದಳು.

ಬಂಡೆಪ್ಪ ಆದೇಶ ತೆಗೆದು ಓದಿದ. ಸರಕು ಮತ್ತು ಜಾನುವಾರು ಸಾಗಣೆಗೆ ಅಡ್ಡಿ ಇಲ್ಲ. ವ್ಯಕ್ತಿಗಳಿಗೆ ಪಾಸ್ ಕಡ್ಡಾಯ.

"ಕುರಿ ಹೋಗಬಹುದು," ಎಂದ. "ಈಕಿ ಹೋಗಂಗಿಲ್ಲ."

ಸಖುಬಾಯಿ ತಮಾಷೆ ಎಂದುಕೊಂಡು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು. "ಟೀಚರ್ ಬಾಯಿ, ಕುರಿ ಅತ್ಲಾಗ ಹೋದ್ರ ನಾ ಇಲ್ಲಿ ಏನ್ ಮಾಡ್ಲಿ? ನಾ ಇಲ್ಲಿ ಕುಂತ್ರ ಅವು ಅಲ್ಲಿ ಏನ್ ಮಾಡ್ತಾವ?"

ಇಷ್ಟು ಸರಳ ಪ್ರಶ್ನೆ. ಆದೇಶ ಬರೆದವನು ಜೀವಮಾನದಲ್ಲಿ ಒಂದಾದರೂ ಕುರಿಯನ್ನು ನೋಡಿದ್ದಾನೋ ಇಲ್ಲವೋ. ತಟ್ಟೆಯಲ್ಲಿ ನೋಡಿರುತ್ತಾನೆ.

ಮೇ 21

ನನ್ನ ಮೊಬೈಲಿನಲ್ಲೇ ಪಾಸಿಗೆ ಅರ್ಜಿ ಹಾಕಲು ಕುಳಿತೆ. ಹೆಸರು, ಆಧಾರ್, ಎಲ್ಲಿಂದ, ಎಲ್ಲಿಗೆ... ಎಲ್ಲ ಆಯಿತು. ಆಮೇಲೆ ವಾಹನದ ನಂಬರ್. ಕೆಂಪು ಚುಕ್ಕಿ — ತುಂಬಲೇಬೇಕು. ಸೊನ್ನೆ ಹಾಕಿದೆ, ತಪ್ಪು ಎಂದಿತು. ಕಾಲ್ನಡಿಗೆ ಎಂದು ಬರೆದೆ, ತಪ್ಪು. ಹೆಲ್ಪ್‌ಲೈನಿಗೆ ಫೋನ್ ಹಚ್ಚಿದೆ. ಹೆಣ್ಣುಮಗಳ ದನಿ, ಬಹಳ ನಯ: "ವಾಹನ ಇಲ್ಲದವರು ಪ್ರಯಾಣ ಮಾಡುವ ಹಾಗಿಲ್ಲ ಮೇಡಂ."

ಎರಡು ತಿಂಗಳಿಂದ ಜನ ಹೆದ್ದಾರಿ ತುಂಬ ನಡೆಯುತ್ತಿದ್ದಾರೆ. ಅದನ್ನು ಟಿವಿಯಲ್ಲಿ ದುಃಖದ ಸಂಗೀತ ಹಾಕಿ ತೋರಿಸುತ್ತಾರೆ. ಪಾಸಿನಲ್ಲಿ ಮಾತ್ರ ಮನುಷ್ಯರಿಗೆ ಕಾಲೇ ಇಲ್ಲ.

ಸಖುಬಾಯಿ ಬ್ಯಾರಿಕೇಡಿನಾಚೆ ಜಾಲಿ ಗಿಡದ ಕೆಳಗೆ ಕುರಿ ನಿಲ್ಲಿಸಿಕೊಂಡು ಕೂತಿದ್ದಾಳೆ. ವಾಪಸು ಹೋಗೋಣವೆಂದರೆ ಹಿಂದಿನ ಊರಿನವರು ಕಲ್ಲು ಹಿಡಿದು ನಿಂತಿದ್ದರಂತೆ. "ನೀ ಕರ್ನಾಟಕದಾಕಿ, ರೋಗ ತರಬ್ಯಾಡ ಅಂತಾರ್ರಿ ಅವ್ರು. ನೀವು ಮಹಾರಾಷ್ಟ್ರದಿಂದ ಬಂದೀದಿ ಅಂತೀರಿ. ನಾ ಯಾವ ಊರಾಕಿ ಆದೆ?"

ಚಳಿಗಾಲದಿಂದ ಬಯಲಿನಲ್ಲಿ ಕುರಿಗಳ ನಡುವೆ ಮಲಗಿದವಳು. ಈ ಜಿಲ್ಲೆಯಲ್ಲಿ ಈಕೆಯಷ್ಟು ಅಂತರ ಕಾಯ್ದುಕೊಂಡವರು ಇನ್ನೊಬ್ಬರಿಲ್ಲ.

ಮೇ 23, ಶನಿವಾರ

ಚೆಕ್‌ಪೋಸ್ಟಿನ ಉಸ್ತುವಾರಿ ನೋಡಲ್ ಸಾಹೇಬರು ಬಂದಿದ್ದರು. ಕಾರಿನ ಗಾಜು ನಾಲ್ಕು ಬೆರಳು ಇಳಿಸಿದರು. ಆ ಸಂದಿಯಲ್ಲೇ ಎಲ್ಲ ಹೇಳಿದೆ.

"ಕುರಿ ಬಿಟ್ ಬಿಡ್ರಿ ಮೇಡಂ, ಅದಕ್ಕ ರೂಲ್ ಅದ. ಆಕಿ ಪಾಸ್ ಬಂದ ಮ್ಯಾಲ ಬರ್ಲಿ."

ಆಯಿತು ಎಂದು ಅಜರ್ ಬ್ಯಾರಿಕೇಡು ಎತ್ತಿದ. ಕುರಿಗಳನ್ನು ಹೊಡೆದುಕೊಂಡು ಬಂದ. ಸ್ವಲ್ಪ ದೂರ ಬಂದವು, ನಿಂತವು, ತಿರುಗಿ ನೋಡಿದವು, ಅಷ್ಟೇ — ಎಲ್ಲವೂ ಒಟ್ಟಿಗೆ ನುಗ್ಗಿ ಬ್ಯಾರಿಕೇಡಿನ ಕೆಳಗೆ ಸಖುಬಾಯಿಯ ಕಡೆಗೆ. ಮೇಜು ಬಿತ್ತು, ಸ್ಯಾನಿಟೈಸರ್ ಚೆಲ್ಲಿತು. ಸಾಹೇಬರು ಗಾಜು ಏರಿಸಿ, ಮತ್ತೆ ಎರಡು ಬೆರಳು ಇಳಿಸಿ, "ಲಾರಿ ಮಾಡಸ್ರಿ. ಲಾರಿಗಿ ನಂಬರ್ ಇರ್ತದ," ಎಂದು ಹೇಳಿ ಹೋದರು.

ಲಾರಿಯವರಿಗೆಲ್ಲ ಫೋನ್ ಮಾಡಿದೆ. ಮಹಾರಾಷ್ಟ್ರದಿಂದ ಬಂದವಳು ಎಂದ ಕೂಡಲೇ ಫೋನ್ ಇಡುತ್ತಾರೆ. ಮಧ್ಯಾಹ್ನ ಒಂದು ಮರಿ ಸತ್ತಿತು, ಬಿಸಿಲಿಗೆ. ಸಖುಬಾಯಿ ಅಳಲಿಲ್ಲ. ಮರಿಯನ್ನು ದೂರ ಒಯ್ದು ಮಣ್ಣು ಮುಚ್ಚಿ ಬಂದು ಕೂತಳು. ಅಜರ್ ಹಳ್ಳದಿಂದ ಕೊಡ ಕೊಡ ನೀರು ಹೊತ್ತು ಕುರಿಗಳಿಗೆ ಹಾಕಿದ. ತಾನು ತುಟಿ ಒದ್ದೆ ಮಾಡಿಕೊಳ್ಳಲಿಲ್ಲ.

ಮನೆಯಲ್ಲಿ ಇದನ್ನೆಲ್ಲ ಹೇಳಿದೆ. ಇವರು ಟಿವಿಯ ದನಿ ಸ್ವಲ್ಪ ಕಡಿಮೆ ಮಾಡಿ ಕೇಳಿದರು. "ಆಕಿ ಯಾಕ ಹೋಗಿದ್ಳು ಅಲ್ಲಿಗಿ?"

ಮೈಯೆಲ್ಲ ಉರಿದುಹೋಯಿತು. ಏಪ್ರಿಲಿನಲ್ಲಿ ಪಕ್ಕದ ಮನೆಯ ಸರ್ವರಿಯ ಅಳಿಯ ಸೊಲ್ಲಾಪುರದಿಂದ ಬಂದಾಗ ಹೆಲ್ಪ್‌ಲೈನಿಗೆ ಫೋನ್ ಮಾಡಿ ಅವರ ಮನೆಗೆ ಕ್ವಾರಂಟೈನ್ ಸ್ಟಿಕ್ಕರ್ ಹಚ್ಚಿಸಿದವರು ಇದೇ ಮನುಷ್ಯ. ಸರ್ವರಿ ಇವತ್ತಿಗೂ ನನ್ನ ಮುಖ ನೋಡುವುದಿಲ್ಲ. ಊಟಕ್ಕೆ ಬಡಿಸಿ ಒಳಗೆ ಹೋದೆ.

ಮೇ 25

ರಂಜಾನ್. ಅಜರನಿಗೆ ಹಬ್ಬದ ದಿನವೂ ಡ್ಯೂಟಿ. ಡಬ್ಬಿಯಲ್ಲಿ ಹಾಲು ಶಾವಿಗೆಯ ಶೀರ್ ಖುರ್ಮಾ ತಂದಿದ್ದ. ನಮಗೆ ಕೊಟ್ಟು, ಒಂದು ಲೋಟ ಬ್ಯಾರಿಕೇಡಿನ ಪಕ್ಕದ ಡ್ರಮ್ಮಿನ ಮೇಲೆ ಇಟ್ಟು ದೂರ ಸರಿದು ನಿಂತ. ಸಖುಬಾಯಿ ಬಂದು ಎತ್ತಿಕೊಂಡು ಕುಡಿದಳು. ಇಷ್ಟೇ ನಡೆದದ್ದು.

ಸಂಜೆ ಊರ ಗ್ರೂಪಿನಲ್ಲಿ ಅದರ ಫೋಟೋ. ಯಾರು ತೆಗೆದರೋ. "ಗಡಿಯಲ್ಲಿ ಹಬ್ಬದ ಪಾರ್ಟಿ, ನಿಯಮ ಯಾರಿಗಾಗಿ?" ಕೆಳಗೆ ನೂರಾರು ಮಾತು. ಇವರನ್ನು ಕೆಲಸದಿಂದ ತೆಗೆಯಿರಿ, ಇವರನ್ನು ಒಳಗೆ ಹಾಕಿರಿ, ಬೇಕೆಂದೇ ಹರಡುತ್ತಿದ್ದಾರೆ. ಒಬ್ಬನಾದರೂ ಇದು ಏನು ಎಂದು ಕೇಳಿಲ್ಲ. ಕೇಳಿದರೆ ಚರ್ಚೆ ನಿಂತುಹೋಗುತ್ತದಲ್ಲ.

ಇವರೂ ನನಗೆ ಫಾರ್ವರ್ಡ್ ಮಾಡಿದರು, ಒಳಕೋಣೆಯಿಂದ ಅಡುಗೆಮನೆಗೆ. "ನೋಡು ನಿಮ್ಮ ಗಡಿ ಹಣೇಬರ." ಫೋಟೋದ ಎಡ ಮೂಲೆಯಲ್ಲಿ ನಿಂತವಳು ನಾನೇ ಎಂದೆ. ಝೂಮ್ ಮಾಡಿ ನೋಡಿದರು. ಆಮೇಲೆ ಮೊಬೈಲ್ ಬೋರಲು ಇಟ್ಟರು.

ರೋಹಿಣಿ ನಕ್ಷತ್ರ ಹತ್ತಿತು. ಪಶ್ಚಿಮಕ್ಕೆ ಮೋಡ ಕಟ್ಟುತ್ತಿದೆ. ಕರಿ ನೆಲ, ಒಂದು ಮಳೆ ಬಿದ್ದರೆ ಸಾಕು, ಆ ಮರಿಗಳು ಕೆಸರಿನಿಂದ ಕಾಲು ಕೀಳಲಾರವು. ಸಖುಬಾಯಿಯ ಬದುಕೇ ಆ ಕುರಿ.

ಮೇ 26

ಮಾಡಿಬಿಟ್ಟೆ. ಅಂಗಳದಲ್ಲಿ ಇವರ ಬೈಕ್ ನಿಂತಿತ್ತು. ವಾಹನದ ನಂಬರ್ ಎಂಬಲ್ಲಿ ಅದರ ನಂಬರ್. ಚಾಲಕ: ಓಂಪ್ರಕಾಶ, ಅಂದರೆ ಇವರೇ. ಪ್ರಯಾಣಿಕರು: ಸಖುಬಾಯಿ. ಕೆಂಪು ಚುಕ್ಕಿ ಹಸಿರಾಯಿತು.

ಮೇ 27

ಪಾಸ್ ಬಂತು. ಚಾಲಕನ ಫೋನ್ ನಂಬರ್ ಎಂಬಲ್ಲಿ ಇವರದೇ ಕೊಟ್ಟಿದ್ದೆ, ಮೆಸೇಜು ಇವರ ಮೊಬೈಲಿಗೇ ಹೋಯಿತು. ಅದು ನನ್ನ ತಲೆಗೆ ಹೊಳೆದಿರಲಿಲ್ಲ.

"ನನ್ನ ಹೆಸರ ಮಹಾರಾಷ್ಟ್ರದಿಂದ ಬರೋರಾಗ ಸೇರಸಿದೇನ?" ಮೊಬೈಲ್ ನನ್ನ ಮುಖಕ್ಕೆ ಹಿಡಿದರು. "ನಾಳಿ ಬಂದು ಮನೀಗಿ ಸ್ಟಿಕ್ಕರ್ ಹಚ್ತಾರ. ಓಣಿ ಮಂದಿ ಏನ್ ಅಂತಾರ?"

"ಸರ್ವರಿ ಮನೀಗಿ ಹಚ್ಚಿದಾಗ ಏನ್ ಅಂದ್ರಿ ನೀವು, ಅದನ್ನ ಅಂತಾರ," ಎಂದೆ.

ಮಾತು ಬೆಳೆಯಿತು. ಬರೆಯಲಾರೆ. ಕೊನೆಗೆ ತಾವೇ ಗಡಿಗೆ ಬಂದು, ಸಾಹೇಬರ ಎದುರಲ್ಲೇ ಪಾಸ್ ಕ್ಯಾನ್ಸಲ್ ಮಾಡಿಸುವುದಾಗಿ ಹೇಳಿ ಮಲಗಿದರು. ಗುಡುಗು ಕೇಳಿಸುತ್ತಿದೆ.

ಮೇ 28, ಗುರುವಾರ

ಬಂದರು. ಎರಡು ಮಾಸ್ಕ್, ಮೇಲೆ ಹೆಲ್ಮೆಟ್, ಕೈಗೆ ಗ್ಲೌಸ್. ಸಾಹೇಬರೂ ಇದ್ದರು. ಇವರು ಬಾಯಿ ತೆರೆಯುವ ಮೊದಲೇ ಸಾಹೇಬರು ಪಾಸ್ ನೋಡಿ ಮುಗಿಸಿದ್ದರು.

"ಪಾಸ್ ಕರೆಕ್ಟ್ ಅದ. ಬೈಕ್ ಆ ಕಡಿಂದ ಬರ್ಲಿ, ಆಕಿ ಹಿಂದ ಕೂಡ್ಲಿ. ಕುರಿಗಿ ಹೆಂಗೂ ಪರ್ಮಿಶನ್ ಅದ."

ಇವರು ಸಾಹೇಬರನ್ನು ನೋಡಿದರು. ಆಚೆಗೆ ಸಖುಬಾಯಿಯನ್ನು ನೋಡಿದರು. ಆಕೆ ಸೀರೆಯ ಸೆರಗಿನಲ್ಲಿ ಒಂದು ಮರಿ ಕಟ್ಟಿಕೊಂಡು ನಿಂತಿದ್ದಳು.

"ಅಲ್ರೀ ಸರ್," ಎಂದರು. "ಆಕಿ ದೂರದಿಂದ ನಡಕೋತ ಬಂದ್ರ ರೋಗ ಬರ್ತದ. ನನ್ನ ಬೆನ್ನಿಗಿ ಹತ್ತಿ ಕುಂತ್ರ ಬರಂಗಿಲ್ಲೇನ್ರಿ?"

"ರೂಲ್ ಹಂಗ ಅದ."

"ರೂಲ್ ಹಂಗ ಇದ್ರ ಯಾರ್ ಬರದಾರ್ರಿ ಅದನ್ನ?"

ಸುರುವಾಯಿತು. ಎರಡು ತಿಂಗಳು ಟಿವಿಗೆ ಕೂಗಿ ಕೂಗಿ ಇಟ್ಟಿದ್ದೆಲ್ಲ ಹೊರಗೆ ಬಂತು. ಇವತ್ತು ಎದುರಿಗೆ ಕೇಳುವ ಮನುಷ್ಯ ಇದ್ದ. ಎಂಟು ದಿನದಿಂದ ಒಬ್ಬ ಹೆಂಗಸು ಮರದ ಕೆಳಗೆ ಕೂತಿದ್ದಾಳೆ, ನಿಮ್ಮ ಕಾರಿಗೆ ಪಾಸ್ ಇದೆಯೇ, ನಿಮ್ಮ ಡ್ರೈವರ್ ಯಾವ ಊರಿನವನು... ಈ ಮನುಷ್ಯನ ಬಾಯಿಂದ ಅಷ್ಟು ಒಳ್ಳೆಯ ಮಾತು ಕೇಳಿ ನನಗೆ ವರ್ಷಗಳೇ ಆಗಿದ್ದವು. ಸಾಹೇಬರು ಗಾಜು ಪೂರ್ತಿ ಏರಿಸಿಕೊಂಡರು. ಬಂಡೆಪ್ಪ ಎಲೆಅಡಿಕೆ ಉಗುಳಿ ಬಂದು ಮಾಸ್ಕನ್ನು ಮೂಗಿಗೆ ಏರಿಸಿಕೊಂಡು ನಿಂತ, ಗೌರವಕ್ಕೆ.

ಆಮೇಲೆ ಇವರು ಬೈಕ್ ಕಿಕ್ ಹೊಡೆದು ಆಚೆಗೆ ಹೋದರು.

ಸಖುಬಾಯಿ ಹಿಂದುಮುಂದಾಗಿ ಕುಳಿತಳು, ಕುರಿಗಳ ಕಡೆ ಮುಖ ಮಾಡಿ. "ಅಣ್ಣಾ, ಸಾವಕಾಶ ಹೊಡೀರಿ. ಅವಕ್ಕ ನಾ ಕಾಣ್ಬೇಕು." ಫಸ್ಟ್ ಗೇರಿನಲ್ಲಿ ಬೈಕು, ಬೈಕಿನ ಮೇಲೆ ಕೂತು ಆಕೆ ಕೂಗುತ್ತ, ಹಿಂದೆ ಕುರಿಗಳು. ರಾಜ್ಯ ದಾಟಿದರು. ಅಜರ್ ನಗುತ್ತ ಬ್ಯಾರಿಕೇಡು ಎತ್ತಿದ. ನಾನೂ ನಕ್ಕೆ. ನಗುತ್ತಿದ್ದಂತೆಯೇ ಕೋಪಕ್ಕೆ ಕಣ್ಣಲ್ಲಿ ನೀರು ಬಂತು. ನಾಲ್ಕು ಹೆಜ್ಜೆ ನಡೆದು ಬರಬಹುದಾದದ್ದಕ್ಕೆ ಈ ನಾಟಕ. ಆ ಮರಿ ಸತ್ತದ್ದು ಇದಕ್ಕೆ.

ಆಕೆಯ ಕೈಗೆ ಕ್ವಾರಂಟೈನ್ ಮುದ್ರೆ ಒತ್ತಿದವಳು ನಾನೇ. ಅದೂ ನನ್ನದೇ ಡ್ಯೂಟಿ. ಹದಿನಾಲ್ಕು ದಿನ ಮನೆ ಬಿಟ್ಟು ಕದಲುವಂತಿಲ್ಲ. ಮನೆಗೆ ಹೋಗಲು ಕುರಿಯ ಜೊತೆ ಮೂರು ನಾಲ್ಕು ದಿನ ನಡೆಯಬೇಕು ಎಂದೆ. ಅದಕ್ಕೆ ರೂಲಿನಲ್ಲಿ ಏನೂ ಇಲ್ಲ ಎಂದರು ಸಾಹೇಬರು. ಹೊಲದ ದಾರಿ ಹಿಡಿದು ಹೋದಳು.

ಮೇ 29

ಇವತ್ತು ನನಗೆ ಶಿಫ್ಟ್ ಇಲ್ಲ. ಬೆಳಿಗ್ಗೆಯಿಂದ ಜಿಟಿಜಿಟಿ. ಸಖುಬಾಯಿ ಫೋನ್ ಮಾಡಿದ್ದಳು. ಬಸವಕಲ್ಯಾಣದ ಹತ್ತಿರ ಒಂದು ಗುಡ್ಡದ ಮಗ್ಗುಲಲ್ಲಿ ಕುರಿ ನಿಲ್ಲಿಸಿಕೊಂಡಿದ್ದಾಳೆ. ಗಟ್ಟಿ ನೆಲ, ಮರಿಗಳು ಚೆನ್ನಾಗಿವೆ ಎಂದಳು.

ಮಧ್ಯಾಹ್ನ ಇವರ ಮೊಬೈಲಿಗೆ ಫೋನ್. ಕ್ವಾರಂಟೈನ್ ಚೆಕಿಂಗಿನವರು. ಹುಡಗಿಯ ಮನೆಗೆ ಬೀಗ ಇದೆ, ಪಾಸಿನಲ್ಲಿ ನಿಮ್ಮ ನಂಬರ್ ಇದೆ, ಆಕೆ ಎಲ್ಲಿ? ಮನೆಯಲ್ಲಿ ಸಿಗದಿದ್ದರೆ ಕೇಸು, ಹಿಡಿದು ಕ್ವಾರಂಟೈನ್ ಹಾಸ್ಟೆಲಿಗೆ ಹಾಕುತ್ತೇವೆ. ಕುರಿಯ ಮಾತೇ ಎತ್ತಲಿಲ್ಲ. ಆಕೆಯನ್ನು ಒಯ್ದರೆ ಕುರಿ ಗುಡ್ಡದಲ್ಲೇ ಚದುರಿಹೋಗುತ್ತವೆ. ಇದೂ ರೂಲಿನಲ್ಲಿ ಇರುವುದಿಲ್ಲ.

ಇವರು ನನ್ನ ಮುಖ ನೋಡಿದರು. "ನಮ್ಮ ಮನ್ಯಾಗ ಅದಾಳ್ರಿ," ಎಂದರು ಫೋನಿಗೆ.

ಹಾಗಾದರೆ ನಿಮ್ಮ ಮನೆಯನ್ನೂ ಸೀಲ್ ಮಾಡಬೇಕಾಗುತ್ತದೆ.

"ಮಾಡ್ರಿ."

ಈಗಲೇ ಬರುತ್ತೇವೆ, ಆಕೆಯನ್ನು ಕಣ್ಣಾರೆ ನೋಡಬೇಕು, ಕೈಯ ಮುದ್ರೆ ನೋಡಬೇಕು ಎಂದರಂತೆ. ಇವರು ಫೋನ್ ಇಟ್ಟರು. ಹೇಳುವುದು ಹೇಳಿಬಿಟ್ಟೆ, ಈಗ ಎಲ್ಲಿಂದ ತರಲಿ ಆಕೆಯನ್ನು ಎಂದು ನನ್ನನ್ನೇ ಕೇಳುತ್ತಾರೆ. ಎಂದೂ ಇಷ್ಟು ಹೆದರಿದ್ದನ್ನು ನೋಡಿಲ್ಲ. ಎಂದೂ ಇಷ್ಟು ಇಷ್ಟವೂ ಆಗಿರಲಿಲ್ಲ.

ಗೇಟಿನ ಸದ್ದು. ಬಂದರು. ಹೆಂಡತಿ ಎಲ್ಲಿ ಎಂದರೆ ಡ್ಯೂಟಿಗೆ ಹೋಗಿದ್ದಾಳೆ ಅನ್ನಿ ಎಂದು ಇವರಿಗೆ ಹೇಳಿ ಕಳಿಸಿದ್ದೇನೆ. ಮುದ್ರೆ ನನ್ನ ಚೀಲದಲ್ಲೇ ಇತ್ತು. ಒತ್ತಿಕೊಂಡೆ, ಇನ್ನೂ ಒಣಗಿಲ್ಲ. ಅಡುಗೆಮನೆಯ ಹಳೆಯ ಸೀರೆ, ಸೆರಗು ತಲೆಯ ಮೇಲೆ, ಮಾಸ್ಕು ಕಣ್ಣಿನವರೆಗೆ. ಹೊರಗೆ ಇವರು ಕರೆಯುತ್ತಿದ್ದಾರೆ, "ಸಖುಬಾಯಿ, ಒಂದಿಷ್ಟ್ ಹೊರಗ ಬರ್ರಿ..." ಪೆನ್ನು ಇಡುತ್ತೇನೆ. ಈಗ ನಾನೇ ಸಖುಬಾಯಿ.