ಬಂದು ನೋಡಿಕೊಂಡು ಹೋಗಿ

ಗುರುವಾರ, ಜೂನ್ ೧೨

ಪ್ರೀತಿಯ ಅಣ್ಣ,

ಹೇಗಿದ್ದೀಯ ಎಂದು ಕೇಳುವ ಮೊದಲು ಬೈಸಿಕೊಳ್ಳುವುದನ್ನು ಮುಗಿಸಿಬಿಡುತ್ತೇನೆ. ನಿನ್ನ ಕಾಗದ ಬಂದು ಯಾವ ಕಾಲವಾಯಿತು. ಉತ್ತರ ಬರೆಯಲು ಕೂತೆ, ಎದ್ದೆ. ಮತ್ತೆ ಕೂತೆ, ಅಷ್ಟರಲ್ಲಿ ಹಾಲು ಉಕ್ಕಿತು. ಇವತ್ತೂ ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಓಡುತ್ತಿದ್ದರೆ ಅದಕ್ಕೇ.

ಅಪ್ಪ ಚೆನ್ನಾಗಿದ್ದಾರೆ. ಅವರಿಗಿಂತ ಅವರ ಹೊಲಿಗೆ ಯಂತ್ರವೇ ಜೋರಾಗಿ ಕೆಮ್ಮುತ್ತದೆ. ನೀನು ಗ್ಯಾರೇಜಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋದಲ್ಲಿ ಕೂದಲು ಭುಜಕ್ಕೆ ಬಂದಿರುವುದನ್ನು ನೋಡಿ, “ಇವನಿರೋ ಊರಲ್ಲಿ ಕ್ಷೌರದಂಗಡಿನೇ ಇಲ್ವಂತಾ? ಕತ್ತರಿಸ್ಕೊ ಅಂತ ಬರಿ” ಎಂದರು. ಬರೆಯುತ್ತೇನೆ ಅಂದೆ. ಹೋದ ಸಲವೂ ಹಾಗೇ ಅಂದು ಬರೆದಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಸೋಮವಾರ ನನಗೆ ಇಂಟರ್‌ವ್ಯೂ. ಕೆಲಸ ಸಿಕ್ಕಿದೆಯಲ್ಲ, ಮತ್ತೆಂಥ ಇಂಟರ್‌ವ್ಯೂ ಎಂದು ಅಪ್ಪನೂ ಕೇಳಿದರು. ಇದನ್ನು ಮಾಡುವವರು ನಮ್ಮ ಆಫೀಸಿನವರಲ್ಲ, ಕ್ಲೈಂಟ್. ನಿಮ್ಮ ನೋಟಿಸನ್ನು ಹೀಗೆ ಬರೆಯಿರಿ, ದೂರು ತಂದವರ ಹತ್ತಿರ ಹೀಗೆ ಮಾತಾಡಿ ಎಂದು ಬೇರೆ ಸಂಸ್ಥೆಗಳಿಗೆ ಸಲಹೆ ಕೊಡುವುದು ನಮ್ಮ ಕಸುಬು. ಸಲಹೆ ಕೊಡಲು ಯಾರನ್ನು ಕಳಿಸುತ್ತೀರೋ ಅವರನ್ನು ಮೊದಲು ನಮಗೆ ತೋರಿಸಿ ಎನ್ನುತ್ತಾರೆ ಅವರು. ಒಪ್ಪಿದರೆ ನನ್ನ ಕೆಲಸ ಕಾಯಂ. ಒಪ್ಪದಿದ್ದರೆ ಈ ತಿಂಗಳು ಮುಗಿಯುತ್ತಲೇ ಮತ್ತೆ ಮನೆಪಾಠ, ಮತ್ತೆ ಅದೇ ಸಂಧಿ ಸಮಾಸ. ಸಾಹಿತ್ಯ ಓದಿದವಳಿಗೆ ಇದಕ್ಕಿಂತ ಹತ್ತಿರದ ಕೆಲಸ ಈ ಊರಿನಲ್ಲಿ ಇನ್ನೊಂದು ಸಿಗುವ ಹಾಗಿಲ್ಲ. ನೀನು ನನಗಿಟ್ಟ ಹೆಸರು ನೆನಪಿಸಿಕೊಂಡು ನಗು. ಮೂಗಿಯನ್ನು ಮಾತು ಕಲಿಸಲು ಕಳಿಸುತ್ತಿದ್ದಾರೆ.

ಕ್ಲೈಂಟ್ ಒಂದು ಆಸ್ಪತ್ರೆ. ಆ ಆಸ್ಪತ್ರೆಯಲ್ಲ. ಊರಿನ ಇನ್ನೊಂದು ತುದಿಯದು.

(ಇಷ್ಟು ಬರೆದು, ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಿ ಬಂದೆ. ಆರಿಸಿದ್ದೆ.)

ನನ್ನನ್ನು ತಯಾರು ಮಾಡುತ್ತಿರುವವರು ನಮ್ಮ ಹಿರಿಯ ಮೇಡಂ. ಯಾರ ವಾಕ್ಯ ಉದ್ದವಾದರೂ “ಅಲ್ಲಿಗೆ ನಿಲ್ಲಿಸು” ಎನ್ನುವುದರಿಂದ ಅವರ ಬೆನ್ನ ಹಿಂದೆ ನಾವೆಲ್ಲ ಪೂರ್ಣವಿರಾಮ ಎನ್ನುತ್ತೇವೆ. ನಮ್ಮ ಆಫೀಸು ಕನ್ನಡಕದ ಅಂಗಡಿಯ ಮಹಡಿಯಲ್ಲಿದೆ. ಅಲ್ಲಿ ಕೆಟ್ಟ ಪ್ರಿಂಟರ್ ಇಟ್ಟಿರುವ ಸಣ್ಣ ಕೋಣೆಯಲ್ಲಿ ನನ್ನನ್ನು ಕೂರಿಸಿಕೊಂಡು ಕ್ಲೈಂಟಿನ ಹಾಗೆ ಪ್ರಶ್ನೆ ಕೇಳುತ್ತಾರೆ. ನಿನ್ನೆ ಹೀಗಾಯಿತು:

“ಹೋದ ತಿಂಗಳ ಆ ವರದಿ ಮಾಡಿದ್ದು ಯಾರು?”

“ಎಲ್ಲರೂ ಸೇರಿ… ಮಾಡಲಾಯಿತು, ಮೇಡಂ.”

“ಮಾಡಲಾಯಿತು ಅಂದ್ರೆ? ತಾನಾಗೇ ಆಯ್ತಾ, ಮಳೆ ಬಂದ ಹಾಗೆ?”

“ನಾವು ಮಾಡಿದ್ವಿ.”

“ನಾವು ಅಂದ್ರೆ ಎಷ್ಟು ಜನ? ಮಿಕ್ಕವರು ಎಲ್ಲಿ, ಈ ಪ್ರಿಂಟರ್ ಹಿಂದೆ ಇದ್ದಾರಾ?”

“ನಾನು ಮಾಡಿದೆ.”

“ಇದನ್ನ ಹೇಳೋಕೆ ಯಾಕಮ್ಮ ತಲೆ ತಗ್ಗಿಸ್ತೀಯ, ಕದ್ದು ಸಿಕ್ಕಿಬಿದ್ದೋಳ ಹಾಗೆ? ತಲೆ ಎತ್ತು. ನಾನು. ಇನ್ನೊಂದ್ಸಲ.”

ನಾನು, ನಾನು ಎಂದು ಅಷ್ಟು ಸಲ ಹೇಳಿಸಿದರು. ಮನೆಗೆ ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ “ಯಾರಮ್ಮ ಟಿಕೆಟ್?” ಎಂದದ್ದಕ್ಕೆ ತಲೆಯೆತ್ತಿ “ನಾನು” ಎಂದೆ. ಪಕ್ಕದಲ್ಲಿದ್ದ ಹೆಂಗಸು ಸ್ವಲ್ಪ ಸರಿದು ಕೂತರು.

ಎಲ್ಲ ಕ್ಲೈಂಟುಗಳೂ ಕೇಳುವ ಪ್ರಶ್ನೆ ಒಂದಿದೆಯಂತೆ. ಹೇಳಿದ್ದೊಂದು, ಕೇಳಿದವರು ತಿಳಿದದ್ದು ಇನ್ನೊಂದು, ಹಾಗೆ ಆದ ಒಂದು ಸಂದರ್ಭ ಹೇಳಿ ಎಂದು. ನನ್ನ ಹತ್ತಿರ ಒಂದಿತ್ತು. ಈ ಕ್ಲೈಂಟ್ ಆಸ್ಪತ್ರೆಯನ್ನು ನೋಡಿ ಬರಲು ಹೋದಾಗ ಕಂಡದ್ದು. ಒಂದು ಬಾಗಿಲ ಮೇಲೆ ‘ರಕ್ತ ಕೊಡುವವರು ಇಲ್ಲಿ ಬನ್ನಿ’ ಎಂದು ಬೋರ್ಡು. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ರಕ್ತ ಕೊಡಲು ಬಂದ ಒಬ್ಬ ಅಜ್ಜಿ ಒಳಗೆ ಹೋಗಿ ರಕ್ತದಾನದ ಮಂಚದ ಮೇಲೆ ಮಲಗಿಬಿಟ್ಟಿದ್ದರು. ನರ್ಸ್ ತಂದ ಚೀಲ ನೋಡಿ, “ಅಷ್ಟೊಂದು ಯಾಕವ್ವ, ಹೋದ ಸಲ ಒಂದು ತೊಟ್ಟಲ್ಲೇ ಗೊತ್ತಾಗಿತ್ತಲ್ಲ” ಎಂದರು.

ಮೇಡಂ ನಕ್ಕರು. ಆಮೇಲೆ, “ಇದು ಆ ಅಜ್ಜಿದು. ನಿನ್ನದು ಹೇಳು” ಎಂದರು.

“ನನ್ನದು ಯಾವುದೂ ಇಲ್ಲ ಮೇಡಂ.”

ಅವರು ಪೆನ್ನಿನ ಮುಚ್ಚಳ ಹಾಕಿ ನನ್ನನ್ನೇ ನೋಡಿದರು. “ಇದೆ. ಇಲ್ಲದೋರು ಇಷ್ಟು ಬೇಗ ಇಲ್ಲ ಅನ್ನಲ್ಲ.”

ಶನಿವಾರ

ಅವತ್ತು ಅಲ್ಲಿಗೇ ಬಿಟ್ಟಿದ್ದೆ. ನಿನ್ನೆ ಆಫೀಸಿಗೆ ಹೋಗಿ ಏನು ಮಾಡಿದೆನೋ ತಿಳಿಯದು. ಮೆಟ್ಟಿಲು ಹತ್ತಿದೆ, ಇಳಿದೆ, ಕೆಳಗಿನ ಅಂಗಡಿಯ ಕನ್ನಡಿಯಲ್ಲಿ ನನ್ನ ಮುಖಕ್ಕೆ ನಾನೇ ನಮಸ್ಕಾರ ಹೇಳಿಕೊಂಡೆ. ಅಂಗಡಿಯವರು “ನಂಬರ್ ಚೆಕ್ ಮಾಡ್ಲಾ?” ಎಂದರು.

ಬೆಳಿಗ್ಗೆಯಿಂದ ನಾನು ಮನೆಯಲ್ಲಿ ಅತ್ತಿಂದಿತ್ತ ತಿರುಗುವುದನ್ನು ನೋಡಲಾರದೆ ಅಪ್ಪ, “ಬಾ ಇಲ್ಲಿ, ನಾನು ಕೇಳ್ತೀನಿ, ನೀನು ಹೇಳು” ಎಂದರು. ಯಾವುದೋ ಗಿರಾಕಿಯ ಕೋಟು ತೊಟ್ಟು ಕೂತರು. ಅದಕ್ಕಿನ್ನೂ ಗುಂಡಿ ಹಚ್ಚಿರಲಿಲ್ಲ, ಒಂದು ತೋಳಿಗೆ ಕಚ್ಚಾ ಹೊಲಿಗೆ ಹಾಕಿದ ಬಿಳಿ ದಾರ ಹಾಗೇ ಇತ್ತು.

“ಏನಮ್ಮ ನಿಮ್ಮ ಹೆಸರು?”

“ಅಪ್ಪಾ, ನನ್ನ ಹೆಸರು ಗೊತ್ತಿಲ್ವಾ?”

“ಅಪ್ಪ ಅಲ್ಲ, ಸರ್ ಅನ್ನು.”

“ಆಯ್ತು ಸರ್.”

“ಗಿರಾಕಿ ಏನು ಕೇಳಿದ್ರೂ ನಾಳೆ ಕೊಡ್ತೀನಿ ಅನ್ನು. ಆಮೇಲೆ ನೋಡ್ಕೊಳೋಣ.”

“ಅದಕ್ಕೇ ನಿಮ್ಮ ಗಿರಾಕಿಗಳೆಲ್ಲ ಬೈಕೊಂಡು ಹೋಗೋದು.”

“ಹೋದ್ರೂ ಬರ್ತಾರಲ್ಲ. ಇರಲಿ. ನಮ್ಮ ಆಸ್ಪತ್ರೆ ನೋಡಿದ್ರಲ್ಲ, ನಿಮಗೆ ಏನು…” ಎಂದು ಅಲ್ಲಿಗೆ ನಿಂತರು. ಕೋಟಿನ ದಾರ ಎಳೆಯುತ್ತ ಕೂತರು. “ಆಸ್ಪತ್ರೆ ಬೇಡ. ಬ್ಯಾಂಕು ಅಂತ ಇಟ್ಕೊ” ಎಂದರು. ಬ್ಯಾಂಕಿನ ಬಗ್ಗೆ ಇಬ್ಬರಿಗೂ ಏನೂ ಹೊಳೆಯಲಿಲ್ಲ. ಟೀ ಮಾಡಿಕೊಂಡು ಕುಡಿದೆವು.

ಈ ಹಾಳೆಯಲ್ಲಿ ನಿನ್ನನ್ನು ಒಂದು ಮಾತು ಕೇಳಬೇಕೆಂದಿದ್ದೆ. ಕೇಳಲು ಆಗುತ್ತಿಲ್ಲ. ಕೇಳಿದರೂ ಸೋಮವಾರದೊಳಗೆ ನಿನ್ನ ಉತ್ತರ ಬರುವುದಿಲ್ಲ. ಫೋನು ಮಾಡಬಹುದಿತ್ತು. ಆದರೆ ನೀನು ಫೋನು ಎತ್ತುವುದನ್ನೇ ಬಿಟ್ಟಿದ್ದೀಯ, ಕಾಗದಕ್ಕೆ ಮಾತ್ರ ಉತ್ತರ ಕೊಡುತ್ತೀಯ.

ಸೋಮವಾರ, ಸಂಜೆ

ಆಯಿತು ಅಣ್ಣ. ಅಲ್ಲ, ಮುಗಿಸಿದೆ.

ಉದ್ದನೆಯ ಮೇಜಿನ ಆಚೆ ಮೂವರಿದ್ದರು: ಆಡಳಿತ ನೋಡಿಕೊಳ್ಳುವವರು, ಒಬ್ಬ ಡಾಕ್ಟರು, ವಾರ್ಡುಗಳ ಹಿರಿಯ ನರ್ಸ್. ಡಾಕ್ಟರು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದರು. ಆಡಳಿತದವರು, “ಸಾಹಿತ್ಯ ಓದಿದೋರಿಗೆ ಆಸ್ಪತ್ರೇಲಿ ಏನು ಕೆಲಸ, ರೋಗಿಗಳಿಗೆ ಪದ್ಯ ಹೇಳ್ತೀರಾ?” ಎಂದರು. ಅಜ್ಜಿಯ ಕಥೆ ಹೇಳಿದೆ. ಡಾಕ್ಟರು ಗಡಿಯಾರ ಮರೆತು ನಕ್ಕರು, ಆಡಳಿತದವರು ಆ ಬೋರ್ಡು ಯಾವ ಬಾಗಿಲಲ್ಲಿದೆ ಎಂದು ಬರೆದುಕೊಂಡರು. ನರ್ಸ್ ಮಾತ್ರ ನಗಲಿಲ್ಲ. ಕೊನೆಯ ಪ್ರಶ್ನೆ ಅವರದು. ಉತ್ತರ ಹೇಳಿದೆ. ಎದ್ದು ಬಂದೆ.

ಸ್ವಲ್ಪ ಹೊತ್ತಿನ ಮುಂಚೆ ಮೇಡಂ ಫೋನು ಮಾಡಿದ್ದರು. “ತಗೊಂಡಿದ್ದಾರೆ. ಆ ನರ್ಸ್ ನೀನೇ ಬೇಕು ಅಂದ್ರಂತೆ, ಮೊದಲ ಕೆಲಸಾನೂ ಹೇಳಿದ್ದಾರೆ. ನಾಳೆ ಬೇಗ ಬಾ,” ಎಂದು ಅಲ್ಲಿಗೆ ನಿಲ್ಲಿಸಿದರು. ಅಪ್ಪನಿಗೆ ಹೇಳಿದೆ. ಯಂತ್ರ ನಿಲ್ಲಿಸಿ, “ನಾಳೆ ಕೊಡ್ತೀನಿ ಅಂದ್ಯಾ?” ಎಂದರು. ಹೂಂ ಅಂದೆ. ಈಗ ಒಳಗೆ ಯಂತ್ರ ಎಂದಿಗಿಂತ ಜೋರಾಗಿ ಓಡುತ್ತಿದೆ. ನನಗೆ ಸಂತೋಷವಾಗಿರಬೇಕು, ಆದರೂ ಕಾಲು ಒಂದು ಕಡೆ ನಿಲ್ಲುತ್ತಿಲ್ಲ.

ಅಪ್ಪನ ಆಶೀರ್ವಾದ ಈ ಕಾಗದದ ಜೊತೆಗಿದೆ. ನನ್ನದು ಆಶೀರ್ವಾದ ಮಾಡುವ ವಯಸ್ಸಲ್ಲ; ನಿನಗೆ ಒಳ್ಳೆಯದಾಗಲಿ, ಒಳ್ಳೆಯ ನಿದ್ದೆ ಬರಲಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ನಿನ್ನ
ಮೂಗಿ

ಮರೆತದ್ದಲ್ಲ, ಬಿಟ್ಟದ್ದು: ನರ್ಸ್ ಕೇಳಿದ್ದು ಇದು. “ವಾರ್ಡಿಂದ ಮನೆಯವರಿಗೆ ಫೋನ್ ಮಾಡಿ ನಾವೊಂದು ಮಾತು ಹೇಳ್ತೀವಿ, ‘ಒಂದ್ಸಲ ಬಂದು ನೋಡ್ಕೊಂಡು ಹೋಗಿ’ ಅಂತ. ಅದರಲ್ಲಿ ಬದಲಾಯಿಸೋದು ಏನಾದ್ರೂ ಇದೆಯಾ?”

“ಅದನ್ನ ಯಾವಾಗ ಹೇಳ್ತೀರಿ?”

“ಇನ್ನು ಉಳಿಯಲ್ಲ ಅನ್ನಿಸಿದಾಗ. ಹಾಗಂತ ಫೋನಲ್ಲಿ ಸೀದಾ ಹೇಳಕ್ಕಾಗುತ್ತಾ? ಕೇಳಿದೋರಿಗೆ ಗೊತ್ತಾಗುತ್ತೆ ಬಿಡಿ.”

“ಎಲ್ಲರಿಗೂ ಗೊತ್ತಾಗಲ್ಲ,” ಅಂದೆ. “ನಮ್ಮನೇಲಿ ಗೊತ್ತಾಗಲಿಲ್ಲ. ಅಮ್ಮನ್ನ ನೋಡೋಕೆ ದಿನಾ ಹೋಗ್ತಿದ್ವಿ. ಇದೂ ಹಾಗೇ ಅಂದ್ಕೊಂಡ್ವಿ. ಹೋಗೋ ಅಷ್ಟರಲ್ಲಿ ಅಮ್ಮ ಇರಲಿಲ್ಲ.”

“ಫೋನ್ ಎತ್ತಿದ್ದು ಯಾರು?”

“ನಾನು.”

ಮೇಡಂ ಕಲಿಸಿದ ಹಾಗೆ ತಲೆಯೆತ್ತಿಯೇ ಹೇಳಿದೆ. ನಿನ್ನ ಆ ಫೋನಿನ ವಿಷಯ ಅಲ್ಲಿ ಹೇಳಲೇ ಎಂದೇ ಶನಿವಾರ ಕೇಳಬೇಕೆಂದಿದ್ದೆ. ನಿನ್ನನ್ನು ಆ ಮೇಜಿನ ಮುಂದೆ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಸುಳ್ಳು ಹೇಳಿದಳೆಂದು ಬೈಯಬೇಡ. ಹೇಳಿದ ಮೇಲೆ ಆ ಫೋನು ನಿಜವಾಗಿ ನನ್ನ ಕಿವಿಯಲ್ಲೇ ಇತ್ತು. ಆ ಮಾತು ಕೇಳಿ ನಾನಾದರೆ ಏನು ಮಾಡುತ್ತಿದ್ದೆ ಎಂದು ದಾರಿಯುದ್ದಕ್ಕೂ ನೋಡಿಕೊಂಡು ಬಂದೆ. ನೀನು ಅಂದ ಹಾಗೇ, ‘ಸರಿ, ಸಂಜೆ ಬರ್ತೀವಿ’ ಅನ್ನುತ್ತಿದ್ದೆ. ಅಮ್ಮನಿಗೆ ಇಷ್ಟವಾದ ಬಟ್ಟೆ ಹುಡುಕಿ ಇಸ್ತ್ರಿ ಮಾಡುತ್ತ ನಿಲ್ಲುತ್ತಿದ್ದೆ. ಹಿಂದಿನ ದಿನ ಅಮ್ಮ ನಿನ್ನ ತಲೆ ನೋಡಿ, “ಇದೇನೋ ಇದು, ಪೊರಕೆ ಥರ” ಎಂದು ನಕ್ಕಿದ್ದಳು. ಅದಕ್ಕೇ ನೀನು ಮೊದಲು ಕ್ಷೌರದಂಗಡಿಗೆ ಹೋದೆ. ವಾರ್ಡಿನ ಬಾಗಿಲಲ್ಲಿ ನಿಂತಾಗ ನಿನ್ನ ಕುತ್ತಿಗೆಯಲ್ಲಿ ಪೌಡರ್ ಇನ್ನೂ ಇತ್ತು. ನೀನು ಅದನ್ನು ಅಂಗೈಯಿಂದ ಒರೆಸುತ್ತಲೇ ಇದ್ದೆ. ಅಪ್ಪ ಅದನ್ನು ನೋಡಲಿಲ್ಲ, ಅವರು ಅಮ್ಮನನ್ನು ನೋಡುತ್ತಿದ್ದರು. ನಾನು ನೋಡಿದೆ.

ಆಸ್ಪತ್ರೆಯವರು ಕೊಟ್ಟಿರುವ ಮೊದಲ ಕೆಲಸ ಆ ಒಂದು ವಾಕ್ಯ. ‘ಪರಿಸ್ಥಿತಿ ಗಂಭೀರವಾಗಿದೆ’ ಎಂದು ಬರೆದೆ. ವಾರ್ತೆ ಓದಿದ ಹಾಗಿತ್ತು, ಹೊಡೆದುಹಾಕಿದೆ. ಯಾವ ಮಾತು ಕೇಳಿದ್ದರೆ ನೀನು ಫೋನು ಕೆಳಗಿಡದೆ ಓಡುತ್ತಿದ್ದೆ ಎಂಬುದನ್ನು ನೀನೇ ಹೇಳಬೇಕು. ಬರೆದು ಕಳಿಸಬೇಡ, ಬಂದು ಹೇಳು. ಒಂದು ಸಲ ಬಂದು ನಮ್ಮನ್ನು ನೋಡಿಕೊಂಡು ಹೋಗು ಎಂದು ಬರೆಯಹೊರಟಿದ್ದೆ, ಕೈ ನಿಂತುಬಿಟ್ಟಿತು. ಹಾಗೇನಿಲ್ಲ ಅಣ್ಣ, ಅಪ್ಪ ಗಟ್ಟಿಯಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ. ಸುಮ್ಮನೆ ಬಾ.

ಬರುವ ಮುಂಚೆ ಕೂದಲು ಕತ್ತರಿಸಿಕೊ. ಅಪ್ಪ ಹೇಳಿದರು. ಈ ಸಲ ಬರೆದಿದ್ದೇನೆ.