ಬೀದಿಯಲ್ಲಿ ಬರೆದ ಸುಣ್ಣದ ಶಿಲುಬೆ

ಇಷ್ತಾಲ್ತೆಪೆಕ್, ಸೆಪ್ಟೆಂಬರ್ 18

ಅಕ್ಕಾ,

ನಮ್ಮೂರ ಬ್ಯಾಂಡಿನವರೆಲ್ಲ ನಾವು ಇಲ್ಲಿ ಹಗಲೆಲ್ಲ ಭೂಕಂಪಕ್ಕೆ ಕುಸಿದ ಮನೆಗಳ ಮಣ್ಣು ಎತ್ತುತ್ತೇವೆ, ಸಂಜೆ ಸತ್ತವರಿಗಾಗಿ ನುಡಿಸುತ್ತೇವೆ. ಬಂದ ದಿನವೇ ಈ ಊರಿನ ಫಿಲಿಬೆರ್ತಾ ಎಂಬ ಅಜ್ಜಿಯ ಮಗಳನ್ನು ಅವಶೇಷದಿಂದ ಹೊರತೆಗೆದವನು ನಾನು. ಉಸಿರು ನಿಂತಿತ್ತು, ಮೈ ಇನ್ನೂ ಬೆಚ್ಚಗಿತ್ತು. ಅಂದಿನಿಂದ ಅಜ್ಜಿಯ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ.

ನಿನ್ನೆ ಒಂಬತ್ತನೇ ದಿನದ ಪ್ರಾರ್ಥನೆ. ಮನೆಯೇ ಇಲ್ಲದ್ದರಿಂದ ನೆರೆಯವರು ಬೀದಿಯಲ್ಲೇ ಸುಣ್ಣದ ಶಿಲುಬೆ ಬರೆದು ಹೂವಿಟ್ಟಿದ್ದರು. ಆ ಸುಣ್ಣವನ್ನು ಬಾಚಿ ಸಮಾಧಿಗೆ ಒಯ್ಯುವವರು ಆ ಮನೆಗೆ ನೆಂಟರಾಗುತ್ತಾರೆ. ಅಜ್ಜಿ ಎಲ್ಲರೆದುರು ನನ್ನನ್ನೇ ಕರೆದರು.

“ಬೇಡ ಅಜ್ಜಿ, ನಾನು ತಡವಾಗಿ ಬಂದೋನು.”

“ಬಂದ್ಯಲ್ಲಪ್ಪಾ! ನನ್ನ ಒಡಹುಟ್ಟಿದೋರು ಇನ್ನೂ ಬಂದಿಲ್ಲ. ಕಹಳೆ ಎತ್ತೋ ಕೈಗೆ ಒಂದು ಹಿಡಿ ಸುಣ್ಣ ಭಾರ ಆಗತ್ತಾ? ಕೂತ್ಕೊ.”

ಅವರ ಪಕ್ಕ ಮಂಡಿಯೂರಿ ಬರಿಗೈಯಲ್ಲೇ ಬಾಚಿದೆ. ನನಗೆ ಅಳು ತಡೆಯಲಾಗಲಿಲ್ಲ, ಅಜ್ಜಿ ಅಳಲಿಲ್ಲ.

ಅಂಗೈ ಬೊಬ್ಬೆಯೆದ್ದಿದೆ, ಉಳಿದಂತೆ ಆರೋಗ್ಯ. ಬ್ಯಾಂಡಿನವರು ಭಾನುವಾರ ಹೊರಡುತ್ತಾರೆ. ನಾನು ಅಜ್ಜಿಗೊಂದು ಸೂರು ಕಟ್ಟಿಯೇ ಬರುವೆ. ಜೋಳದ ಕೊಯ್ಲು ನೀವೇ ಮುಗಿಸಿಕೊಳ್ಳಿ.

ಸತ್ತವಳ ಹೆಸರು ಓಫೇಲಿಯಾ. ನಮ್ಮ ಮನೆಯ ಹಿರಿಯರ ಪಟಗಳ ಮುಂದೆ ಅವಳಿಗೂ ಒಂದು ಮೇಣದಬತ್ತಿ ಹಚ್ಚು.

ನಿನ್ನ ತಮ್ಮ,
ಎಲೂತೆರಿಯೊ